ನಾಲ್ಕು ಬ್ಯಾಗು, ಐದು ಸೀಟು

ಮಾರ್ಚ್ 3

ಅಮ್ಮಾ,

ಫೋನು ಮಾಡಿದರೆ ನಿನ್ನ ಬ್ಯಾಗು ರಿಪೇರಿ ಅಂಗಡಿಯ ಮುಂದಿನ ಬಸ್ಸುಗಳ ಹಾರ್ನ್ ಮಾತ್ರ ಕೇಳಿಸುತ್ತದೆ. ರಿವೆಟ್ ಮೊಳೆ ಹೊಡೆದೂ ಹೊಡೆದೂ ನಿನ್ನ ಕಿವಿ ಮಂದ, ನಾನು ಏನೇ ಹೇಳಿದರೂ "ಹೂಂ, ಊಟ ಆಯ್ತಾ?" ಅನ್ನುತ್ತೀಯ. ಅದಕ್ಕೇ ಮತ್ತೆ ಕಾಗದ.

ವಿಷಯ ಇಷ್ಟು. ಮೇ ಒಂಬತ್ತಕ್ಕೆ ನಾವು ಬೇರೆ ದೇಶಕ್ಕೆ ಸಫಾರಿ ಹೊರಟಿದ್ದೇವೆ. ಹನ್ನೊಂದು ದಿನ. ಅತ್ತೆ ಮೂವತ್ತು ವರ್ಷ ಮಕ್ಕಳಿಗೆ ಭೂಗೋಳ ಕಲಿಸಿ ಹೆಡ್ ಮೇಡಂ ಆಗಿ ರಿಟೈರ್ ಆದವರಲ್ಲವೇ, ನಕ್ಷೆಯಲ್ಲಿ ಕೋಲು ಇಟ್ಟು ತೋರಿಸಿದ ಹುಲ್ಲುಗಾವಲನ್ನು ಒಮ್ಮೆ ಕಣ್ಣಾರೆ ನೋಡಬೇಕೆಂದು ಹಟ ಹಿಡಿದಿದ್ದಾರೆ. ಮಾವನಿಗೆ ಟಿ.ವಿ.ಯಲ್ಲಿ ಕಾಣುವ ಸಿಂಹವೇ ಸಾಕಾಗಿತ್ತು, ಆದರೆ ಅವರನ್ನು ಕೇಳುವವರು ಯಾರು? ನಿನ್ನ ಅಳಿಯ ಹಲ್ಲಿನ ಡಾಕ್ಟರು. ಸಿಂಹ ಆಕಳಿಸುವಾಗ ಫೋಟೊ ತೆಗೆದು ಕ್ಲಿನಿಕ್ಕಿನ ಗೋಡೆಗೆ ಹಾಕುತ್ತಾರಂತೆ.

ಕಾಡಿನೊಳಗೆ ಹೋಗುವುದು ಪುಟ್ಟ ವಿಮಾನದಲ್ಲಿ. ಗಟ್ಟಿ ಸೂಟ್‌ಕೇಸು ಅದರ ಹೊಟ್ಟೆಗೆ ಹಿಡಿಸುವುದಿಲ್ಲ. ಚಕ್ರ ಇರಬಾರದು, ಒಳಗೆ ಕಂಬಿ ಇರಬಾರದು, ಮೆತ್ತಗೆ ಬಗ್ಗುವ ಬಟ್ಟೆಯ ಬ್ಯಾಗೇ ಆಗಬೇಕು. ಒಬ್ಬರಿಗೆ ಹದಿನೈದು ಕಿಲೋ, ಶೂ ಕ್ಯಾಮೆರಾ ಎಲ್ಲ ಸೇರಿ. ನೀಲಿ, ಕಪ್ಪು ಕಂಡರೆ ಅಲ್ಲಿ ಯಾವುದೋ ಕಚ್ಚುವ ನೊಣ ಮುತ್ತಿಕೊಳ್ಳುತ್ತದಂತೆ, ಆದ್ದರಿಂದ ಮಣ್ಣಿನ ಬಣ್ಣ. ಅತ್ತೆ "ನಿಮ್ಮಮ್ಮ ಇರುವಾಗ ಬೇರೆ ಅಂಗಡಿಗೆ ಯಾಕೆ ಹೋಗ್ಬೇಕು?" ಅಂದರು. ಅಳತೆಗೆ ನನ್ನ ಹಳೆಯ ಕಾಲೇಜಿನ ಬ್ಯಾಗನ್ನು ಬಸ್ಸಿನ ಪಾರ್ಸೆಲ್ಲಿಗೆ ಹಾಕುತ್ತಿದ್ದೇನೆ. ಅದಕ್ಕಿಂತ ಮೂರು ಬೆರಳು ಉದ್ದ ಇರಲಿ. ಅದರ ಜಿಪ್ಪೂ ಸಿಕ್ಕಿಕೊಂಡಿದೆ, ಆಗುವುದಾದರೆ ಸರಿ ಮಾಡು. ನಾಲ್ಕು ಬ್ಯಾಗು.

ಹೋಗುತ್ತಿರುವುದು ನಾವು ಮನೆಯವರಷ್ಟೇ.

ನಿನ್ನ ಚಿಲಕ

*

ಮಾರ್ಚ್ 8

ನನ್ನ ಚಿಲಕವೇ,

ಪಾರ್ಸೆಲ್ ಇನ್ನೂ ಬಂದಿಲ್ಲ, ಕಾಗದ ಮಾತ್ರ ಬಂತು. ಎರಡು ಸಲ ಓದಿದೆ. ಅಂಗಡಿಗೆ ಬಂದವರಿಗೆಲ್ಲ ಹೇಳಿಯೂ ಆಯಿತು. ಹಿಡಿ ಕಿತ್ತ ಚೀಲ ತಂದಿದ್ದ ಪೋಸ್ಟ್‌ಮ್ಯಾನ್ "ಮಗಳು ಸಿಂಹ ನೋಡೋಕೆ ಹೋಗ್ತಾಳಾ? ಅತ್ತೆಮನೇಲಿ ಕಾಣಲ್ವಾ?" ಅಂದ. ಅವನ ಚೀಲವನ್ನು ಒಂದು ದಿನ ತಡವಾಗಿ ಕೊಟ್ಟೆ.

ಬಟ್ಟೆ ತಂದಿದ್ದೇನೆ. ದಪ್ಪ ಕ್ಯಾನ್ವಾಸು, ಒಣಗಿದ ಮಣ್ಣಿನ ಬಣ್ಣ, ನೊಣ ಮೂಸಿಯೂ ನೋಡಲಾರದು. ಜಿಪ್ಪು ಮಾತ್ರ ದೊಡ್ಡ ಹಲ್ಲಿನದೇ ಹಾಕುತ್ತೇನೆ. ಧೂಳಿಗೆ ಸಣ್ಣ ಹಲ್ಲು ಎರಡೇ ದಿನದಲ್ಲಿ ಕೈಕೊಡುತ್ತದೆ, ಬೇಕಾದರೆ ಅಳಿಯಂದಿರನ್ನೇ ಕೇಳು, ಹಲ್ಲಿನ ವಿಷಯ ಅವರಿಗೂ ಗೊತ್ತು.

ನಾಲ್ಕು ಎಂದು ಬರೆದಿದ್ದೀಯ. ನಾಲ್ಕೇ ತಾನೇ? ನೀನು ಮೊದಲಿನಿಂದಲೂ ಎಣಿಸುವಾಗ ನಿನ್ನನ್ನು ಬಿಟ್ಟು ಎಣಿಸುವವಳು. ಇನ್ನೊಮ್ಮೆ ಲೆಕ್ಕ ಹಾಕಿ ಬರೆ. ಈಗಲಾದರೆ ಬಟ್ಟೆ ಇದೆ.

ಅಮ್ಮ

*

ಮಾರ್ಚ್ 14

ಅಮ್ಮಾ,

ನಾಲ್ಕೇ. ಅತ್ತೆ, ಮಾವ, ಇವರು, ನಾನು. ಸರಿಯಾಗಿಯೇ ಎಣಿಸಿದ್ದೇನೆ.

ಪಾರ್ಸೆಲ್ ಬಂದಿರಬೇಕು. ಲ್ಯಾಬಿನಲ್ಲಿ ಕೆಲಸ ಹೆಚ್ಚಿದೆ, ಬೆಳಗಿನಿಂದ ರಕ್ತ ತೆಗೆದೂ ತೆಗೆದೂ ಕೈ ಸೋತಿದೆ. ಆಮೇಲೆ ಬರೆಯುತ್ತೇನೆ.

ಚಿಲಕ

*

ಮಾರ್ಚ್ 20

ಬೀಗಿತ್ತಿಯವರಿಗೆ ನಮಸ್ಕಾರಗಳು.

ಬ್ಯಾಗುಗಳ ತೊಂದರೆಯನ್ನು ನಿಮ್ಮ ತಲೆಗೆ ಕಟ್ಟಿದ್ದಕ್ಕೆ ಮೊದಲು ಕ್ಷಮೆ ಇರಲಿ. ಆದರೆ ಈ ಕಾಗದ ಅದಕ್ಕಲ್ಲ. ನಿಮಗೆ ತಲೆಸುತ್ತು, ವಿಮಾನ ಹತ್ತಬಾರದೆಂದು ಡಾಕ್ಟರು ಹೇಳಿದ್ದಾರೆ ಎಂದು ಸೊಸೆ ತಿಳಿಸಿದಳು. ಪ್ರವಾಸದವರ ಅರ್ಜಿಯಲ್ಲಿ ಐದನೆಯ ಹೆಸರಾಗಿ ನಿಮ್ಮದನ್ನೇ ಬರೆಸಿದ್ದೆ. ಅದರ ಮುಂದೆ "ಅನಾರೋಗ್ಯ, ಬರಲಾಗುವುದಿಲ್ಲ" ಎಂದು ನೀವು ಸಹಿ ಮಾಡಿ ಕಳಿಸಿದ್ದನ್ನು ನೋಡಿ ನಿಜವಾಗಿಯೂ ಬೇಸರವಾಯಿತು.

ನಮ್ಮ ಮನೆಯವರಿಗೆ ಪ್ರಾಣಿಗಳೆಂದರೆ ನಿದ್ದೆ. ಮಗ ಸೊಸೆ ಅವರ ಪಾಡಿಗೆ ಅವರು. ಜೀಪಿನಲ್ಲಿ ಪಕ್ಕ ಕುಳಿತು "ಅಗೋ ನೋಡಿ" ಅನ್ನುವುದಕ್ಕೆ ನನಗೆ ನೀವು ಬೇಕಿತ್ತು. ಮದುವೆಯ ದಿನ ಒಂದು ಗಂಟೆ ಮಾತಾಡಿದೆವಲ್ಲ, ಅಷ್ಟು ನಕ್ಕು ನನಗೆ ವರ್ಷಗಳೇ ಆಗಿದ್ದವು.

ಐದನೆಯ ಸೀಟನ್ನು ನಾನಿನ್ನೂ ಬಿಟ್ಟುಕೊಟ್ಟಿಲ್ಲ. ಏಪ್ರಿಲ್ ಕೊನೆಯವರೆಗೆ ಇಟ್ಟುಕೊಳ್ಳಬಹುದಂತೆ. ವೀಸಾ ಅಲ್ಲಿ ಇಳಿದ ಮೇಲೇ ಕೊಡುತ್ತಾರೆ. ಆರೋಗ್ಯ ಸುಧಾರಿಸಿದರೆ ಒಂದೇ ಒಂದು ಸಾಲು ಬರೆಯಿರಿ.

ನಿಮ್ಮ ಬೀಗಿತ್ತಿ

*

ಮಾರ್ಚ್ 26

ಹೆಡ್ ಮೇಡಂ ಅವರಿಗೆ,

ನಿಮ್ಮ ಕಾಗದ ಓದಿ ಕಣ್ಣು ತುಂಬಿತು. ನನ್ನನ್ನು ಲೆಕ್ಕಕ್ಕೆ ಹಿಡಿದಿರಲ್ಲ, ದೊಡ್ಡ ಮಾತು.

ಮಗಳು ಹೇಳಿದ್ದು ನಿಜ. ಈ ತಲೆಸುತ್ತು ಆರು ತಿಂಗಳಿನಿಂದ ಜೀವ ತಿನ್ನುತ್ತಿದೆ. ಏಣಿ ಕಂಡರೆ ಸಾಕು, ಅಂಗಡಿಯೇ ಬುಗುರಿಯ ಹಾಗೆ ತಿರುಗುತ್ತದೆ. ಡಾಕ್ಟರು ವಿಮಾನದ ಹೆಸರೇ ಎತ್ತಬೇಡ ಅಂದಿದ್ದಾರೆ. ಸಹಿ ನಾನೇ ಮಾಡಿ ಕಳಿಸಿದ್ದು. ನಿಮಗೆ ನೇರವಾಗಿ ಬರೆಯಬೇಕಿತ್ತು, ಸಂಕೋಚವಾಯಿತು. ಸೀಟನ್ನು ಇಟ್ಟುಕೊಂಡು ಕಾಯಬೇಡಿ.

ಬ್ಯಾಗು ಮುಗಿಯುತ್ತಾ ಬಂದಿವೆ. ಜಿಪ್ಪು ಬಿಗಿಯಾದರೆ ಎಳೆದಾಡಬೇಡಿ, ಮೇಣದಬತ್ತಿಯ ತುದಿಯನ್ನು ಹಲ್ಲಿಗೆ ಉಜ್ಜಿ. ನಿಮ್ಮ ಬ್ಯಾಗಿಗೆ ಹೊರಗಡೆ ಒಂದು ಜೇಬು ಜಾಸ್ತಿ ಇಟ್ಟಿದ್ದೇನೆ, ಕನ್ನಡಕಕ್ಕೆ.

ನಿಮ್ಮ ಬೀಗಿತ್ತಿ

*

ಏಪ್ರಿಲ್ 1

ಅಮ್ಮಾ,

ನಿನ್ನೆ ಊಟಕ್ಕೆ ಕೂತಾಗ ಅತ್ತೆ ನಿನ್ನ ಕಾಗದವನ್ನು ಗಟ್ಟಿಯಾಗಿ ಓದಿದರು. "ಏಣಿ ಕಂಡರೆ ಸಾಕಂತೆ, ಪಾಪ!" ಅಂದರು. ದಿನಕ್ಕೆ ಹತ್ತು ಸಲ ಏಣಿ ಹತ್ತಿ ಬ್ಯಾಗು ನೇತುಹಾಕುವವಳು ನೀನು. ಕೈ ತೊಳೆಯುವ ನೆಪ ಮಾಡಿ ಎದ್ದು ಬಚ್ಚಲಿಗೆ ಹೋಗಿ ನಲ್ಲಿ ಬಿಟ್ಟುಕೊಂಡು ನಿಂತೆ.

ನಿನಗೆ ಎಲ್ಲ ಗೊತ್ತಾಗಿದೆ. ಗೊತ್ತಾಗಿಯೂ ನನ್ನ ಸುಳ್ಳಿಗೆ ನೀನು ಸಾಕ್ಷಿ ಹೇಳಿದ್ದೀಯ. ಇದಕ್ಕಿಂತ ಎಲ್ಲರೆದುರು ನನ್ನ ಕೆನ್ನೆಗೆ ಹೊಡೆದಿದ್ದರೆ ವಾಸಿಯಿತ್ತು.

ಅತ್ತೆ ಅರ್ಜಿ ಕೊಟ್ಟು "ಅಮ್ಮನ್ನ ಕೇಳಿ ಸಹಿ ಹಾಕಿಸ್ಕೊಂಡು ಬಾ" ಅಂದಿದ್ದರು. ನಾನು ಕೇಳಲಿಲ್ಲ. ತಲೆಸುತ್ತು ಎಂದು ನಾನೇ ಬರೆದೆ, ನಿನ್ನ ಸಹಿಯನ್ನೂ ನಾನೇ ಹಾಕಿದೆ. ಯಾಕೆ ಅಂತ ಹೇಳಿಬಿಡುತ್ತೇನೆ, ಇನ್ನು ಮುಚ್ಚಿಟ್ಟು ಏನು ಪ್ರಯೋಜನ. ಮದುವೆಯ ಊಟದಲ್ಲಿ ನೀನು ಅತ್ತೆಯ ತಂಗಿಯ ಕೈಚೀಲವನ್ನು ತಿರುಗಿಸಿ ಮುರುಗಿಸಿ ನೋಡಿ, "ಅಯ್ಯೋ, ಇದು ಚರ್ಮ ಅಲ್ಲ ಕಣ್ರೀ, ರೆಕ್ಸಿನ್. ಮೋಸ ಹೋಗಿದ್ದೀರಿ!" ಅಂದೆಯಲ್ಲ. ಕಿವಿ ಮಂದ ಆದ್ದರಿಂದ ಕೂಗಿ ಅಂದೆ. ಇಡೀ ಪಂಕ್ತಿ ತಿರುಗಿ ನೋಡಿತು. ಆಮೇಲೆ ಅದರ ಕಿತ್ತ ಹಿಡಿಯನ್ನು ಅಲ್ಲೇ ಕೂತು ಹೊಲಿದೆ, ಸೂಜಿ ದಾರ ನಿನ್ನ ಪರ್ಸಿನಲ್ಲೇ ಇತ್ತು. ನನಗೆ ಭೂಮಿ ಬಾಯಿಬಿಡಬಾರದೇ ಅನ್ನಿಸಿತ್ತು. ಆ ವಿಮಾನದಲ್ಲಿ, ಆ ಟೆಂಟಿನ ಊಟದ ಮೇಜಿನಲ್ಲಿ ನೀನು ಪರದೇಶದವರ ಬ್ಯಾಗುಗಳನ್ನು ಮುಟ್ಟಿ ನೋಡುವುದು, ಅಂಟು ಹತ್ತಿ ಕಪ್ಪಾದ ನಿನ್ನ ಬೆರಳು, ಎಲ್ಲ ಕಣ್ಣೆದುರು ಬಂತು. ಹನ್ನೊಂದು ದಿನ ನನ್ನಿಂದ ಆಗುವುದಿಲ್ಲ ಅಂದುಕೊಂಡೆ.

ಆ ಬೆರಳುಗಳೇ ನನ್ನನ್ನು ಓದಿಸಿದ್ದು ಎಂದು ಬರೆಯಲೂ ನಾಚಿಕೆಯಾಗುತ್ತಿದೆ. ಅತ್ತೆಗೆ ಹೇಳುವ ಧೈರ್ಯವಂತೂ ಇಲ್ಲ. ಬೈದು ಬರೆ. ಬರೆಯದೆ ಮಾತ್ರ ಇರಬೇಡ.

ಚಿಲಕ

*

ಏಪ್ರಿಲ್ 8

ಚಿಲಕಾ,

ಬಯ್ಯುವುದಕ್ಕೆ ನನಗೂ ಬಾಯಿಲ್ಲ. ನಾನೂ ಒಂದು ತಪ್ಪು ಮಾಡಿದ್ದೇನೆ.

"ಜೇಬು ಖಾಲಿ ಮಾಡಿ ಕೊಡಿ" ಎಂದು ಅಂಗಡಿಯ ಬೋರ್ಡಿನಲ್ಲಿ ಬರೆದವಳು ನೀನೇ, ಹತ್ತನೇ ತರಗತಿಯ ರಜೆಯಲ್ಲಿ. ಆದರೂ ಯಾರೂ ಖಾಲಿ ಮಾಡುವುದಿಲ್ಲ. ನನ್ನ ಪದ್ಧತಿ ನಿನಗೆ ಗೊತ್ತು: ಸಿಕ್ಕಿದ್ದನ್ನೆಲ್ಲ ಲಕೋಟೆಗೆ ಹಾಕಿ, ಚೀಟಿ ಬರೆದು, ಬ್ಯಾಗಿನ ಜೊತೆ ವಾಪಸು ಕೊಡುವುದು. ಇಪ್ಪತ್ತಾರು ವರ್ಷದಲ್ಲಿ ಯಾರದೇ ಜೇಬಿನ ಕಾಗದವನ್ನು ಬಿಚ್ಚಿ ಓದಿದವಳಲ್ಲ. ಪ್ರೇಮಪತ್ರ ಬಂದಿವೆ, ಕೋರ್ಟಿನ ನೋಟಿಸು ಬಂದಿವೆ, ಮಡಿಕೆ ಬಿಚ್ಚಿಲ್ಲ.

ನಿನ್ನ ಬ್ಯಾಗಿನಲ್ಲಿ ಕೂದಲಿನ ಕ್ಲಿಪ್ಪು ಒಂದು, ಪಿನ್ನು ಎರಡು, ಮಡಚಿದ ಕಾಗದ ಒಂದು ಸಿಕ್ಕವು. ಮಗಳದಲ್ಲವೇ ಎಂದು ಬಿಚ್ಚಿದೆ. ಬರೆಯುವಾಗ ಕೆಟ್ಟುಹೋದ ಪ್ರವಾಸದ ಅರ್ಜಿ. ಅದರ ಬೆನ್ನಿಗೆ ನನ್ನ ಸಹಿ, ಒಂದರ ಕೆಳಗೊಂದು ಏಳು ಸಲ. ಮೊದಲಿನ ಮೂರು ನಡುಗಿವೆ. ಆರನೆಯದನ್ನು ನೋಡಿ ನನಗೇ ಅನುಮಾನ ಬಂತು, ಯಾವಾಗ ಹಾಕಿದೆನೋ ಎಂದು. ನಗು ಬರಲಿಲ್ಲ ಅಂತಲ್ಲ. ಆಮೇಲೆ ಅಂಗಡಿಯ ಬಾಗಿಲನ್ನು ಅರ್ಧ ಎಳೆದುಕೊಂಡು ಸ್ವಲ್ಪ ಹೊತ್ತು ಕೂತಿದ್ದೆ.

ಓದಬಾರದಿತ್ತು. ನನ್ನ ಕಸುಬಿಗೆ ನಾನೇ ಮಸಿ ಬಳಿದೆ.

ನೀನು ಕೊರಗಬೇಡ. ನಾನು ಹೇಗೂ ಬರುತ್ತಿರಲಿಲ್ಲ. ಅಂಗಡಿ ಬಿಟ್ಟು ಎಲ್ಲಿಗೆ ಹೋಗಲಿ? ಬಸ್‌ಸ್ಟ್ಯಾಂಡಿನಲ್ಲಿ ದಿನಾ ನೋಡುವ ಪ್ರಾಣಿಗಳೇ ಸಾಕಾಗಿವೆ. ಹೆಡ್ ಮೇಡಂಗೆ ಏನೂ ಹೇಳಬೇಡ, ಒಂದು ಸುಳ್ಳಿನಿಂದ ಯಾರ ಗಂಟೂ ಹೋಗುವುದಿಲ್ಲ. ನಾಲ್ಕು ಬ್ಯಾಗು ಪಾರ್ಸೆಲ್ ಮಾಡಿದ್ದೇನೆ.

ಅಮ್ಮ

*

ಏಪ್ರಿಲ್ 15

ಪ್ರೀತಿಯ ಅಮ್ಮಾ,

"ಹೇಗೂ ಬರುತ್ತಿರಲಿಲ್ಲ" ಎಂಬ ಸಾಲನ್ನು ಓದಿ ಎದೆಯ ಮೇಲಿನ ಕಲ್ಲು ಇಳಿದ ಹಾಗಾಯಿತು. ನನಗೂ ಒಳಗೊಳಗೇ ಹಾಗೇ ಅನ್ನಿಸಿತ್ತು. ಎರಡು ವಾರದ ಮೇಲೆ ನಿನ್ನೆ ಚೆನ್ನಾಗಿ ನಿದ್ದೆ ಬಂತು. ಅತ್ತೆಗೆ ಪ್ರವಾಸ ಮುಗಿಸಿ ಬಂದ ಮೇಲೆ, ಸಮಯ ನೋಡಿ ನಾನೇ ಹೇಳುತ್ತೇನೆ.

ಬ್ಯಾಗು ಬಂದವು. ಎಷ್ಟು ಚೆಂದ ಇವೆ! ಮಾವ ತಮ್ಮದನ್ನು ದಿಂಬು ಮಾಡಿಕೊಂಡು ಮಲಗಿ ನೋಡಿ ಪಾಸು ಮಾಡಿದರು. ಮನೆ ತುಂಬ ಸಾಮಾನು ಹರಡಿದೆ. ತೋಳು ಮುಚ್ಚುವ ಅಂಗಿ, ಅಗಲ ಟೋಪಿ, ಟಾರ್ಚು, ಸೊಳ್ಳೆಗೆ ಹಚ್ಚುವ ಎಣ್ಣೆ, ಹೊಟ್ಟೆ ಕೆಟ್ಟರೆ ಮಾತ್ರೆ. ಬೆಳಗಿನ ಜೀಪಿನಲ್ಲಿ ಹಲ್ಲು ಕಟಕಟ ಅನ್ನುವಷ್ಟು ಚಳಿಯಂತೆ, ಮಧ್ಯಾಹ್ನ ಉರಿಬಿಸಿಲಂತೆ, ಆದ್ದರಿಂದ ಸ್ವೆಟರೂ ಬೇಕು, ತೆಳು ಬಟ್ಟೆಯೂ ಬೇಕು. ಬಚ್ಚಲಿನ ತೂಕದ ಯಂತ್ರದ ಮೇಲೆ ಬ್ಯಾಗು ಅಪ್ಪಿಕೊಂಡು ನಿಂತು, ಆಮೇಲೆ ಬ್ಯಾಗಿಲ್ಲದೆ ನಿಂತು, ಕಳೆದು ನೋಡುತ್ತೇವೆ. ಅತ್ತೆಯದು ಹದಿನೇಳು ಕಿಲೋ. ಅದರಲ್ಲಿ ಎರಡು ಕಿಲೋ ಹಳೆಯ ಅಟ್ಲಾಸು! ತೆಗೆಯಿರಿ ಅಂದರೆ "ನಿಮ್ಮ ಮಾವನ್ನ ಬೇಕಾದ್ರೆ ಬಿಟ್ಟು ಹೋಗೋಣ" ಅನ್ನುತ್ತಾರೆ.

ನಿನ್ನೆ ಎಲ್ಲರೂ ಹೋಗಿ ಹಳದಿ ಜ್ವರದ ಲಸಿಕೆ ಚುಚ್ಚಿಸಿಕೊಂಡು ಬಂದೆವು. ಚುಚ್ಚಿಸಿಕೊಂಡು ಹತ್ತು ದಿನ ಆಗಿರದಿದ್ದರೆ ಆ ದೇಶದೊಳಗೆ ಬಿಡುವುದೇ ಇಲ್ಲವಂತೆ. ದಿನಾ ನೂರು ಜನರಿಗೆ ಚುಚ್ಚುವ ನಾನೇ ಕಣ್ಣು ಮುಚ್ಚಿಕೊಂಡೆ, ಇವರು ನಕ್ಕಿದ್ದೇ ನಕ್ಕಿದ್ದು.

ನಿನಗೆ ಅಲ್ಲಿಂದ ಏನು ತರಲಿ?

ನಿನ್ನ ಚಿಲಕ

*

ಏಪ್ರಿಲ್ 21

ಚಿಲಕಾ,

ನೀನು ಚೆನ್ನಾಗಿ ನಿದ್ದೆ ಮಾಡಿದೆ ಎಂದು ಓದಿದೆ. ನನಗೆ ಕೋಪ ಬಂತು. ಬರುವುದಿಲ್ಲ ಅಂದುಕೊಂಡಿದ್ದೆ, ಬಂತು. ಮೂರು ದಿನ ಬಿಟ್ಟು ಬರೆಯುತ್ತಿದ್ದೇನೆ.

ನಾನು ಬರುತ್ತಿದ್ದೆ.

ಮದುವೆಯ ದಿನ ಹೆಡ್ ಮೇಡಂ ಬಾಗಿಲ ತನಕ ಬಂದು ನನ್ನ ಕೈ ಹಿಡಿದು, "ರಿಟೈರ್ ಆದ್ಮೇಲೆ ಸಫಾರಿಗೆ ಹೋಗ್ತೀನಿ, ನೀವು ನನ್ನ ಪಕ್ಕದ ಸೀಟು, ಮರೀಬೇಡಿ" ಅಂದಿದ್ದರು. ನಾನು ಮರೆಯಲಿಲ್ಲ. ಹೋದ ವರ್ಷ ಅಂಗಡಿಗೆ ಒಂದು ದಿನ ಬೀಗ ಹಾಕಿ ಹೋಗಿ ಪಾಸ್‌ಪೋರ್ಟು ಮಾಡಿಸಿಕೊಂಡು ಬಂದೆ. ಅಲ್ಲಿಯ ಯಂತ್ರಕ್ಕೆ ನನ್ನ ಬೆರಳಿನ ಗೆರೆಯೇ ಕಾಣಲಿಲ್ಲ, ಸೂಜಿಯೂ ಅಂಟೂ ಎಲ್ಲ ತಿಂದುಹಾಕಿವೆ. ಕೌಂಟರಿನ ಹುಡುಗಿ ಒದ್ದೆ ಬಟ್ಟೆ ಕೊಟ್ಟು "ಇನ್ನೊಂದ್ಸಲ ಒತ್ತಿ ಅಮ್ಮಾ" ಅಂತ ಐದು ಸಲ ಒತ್ತಿಸಿದಳು. ಹಿಂದೆ ಸಾಲಿನಲ್ಲಿದ್ದವರು ಗೊಣಗುತ್ತಿದ್ದರು. ಆದರೂ ಬಿಡಲಿಲ್ಲ. ಅದನ್ನು ಜಿಪ್ಪು ಎಳೆಯುವ ರನ್ನರುಗಳ ಡ್ರಾಯರಿನಲ್ಲಿ ಇಟ್ಟಿದ್ದೇನೆ. ಗಿರಾಕಿ ಇಲ್ಲದಾಗ ತೆಗೆದು ನೋಡುತ್ತೇನೆ. ಯಾರಿಗೂ ಹೇಳಿಲ್ಲ, ಈ ವಯಸ್ಸಿನಲ್ಲಿ ಇವಳಿಗೆ ಎಂಥ ಆಸೆ ಎಂದು ನಗುತ್ತಾರೆ. ನಿನಗೂ ಹೇಳಲು ನಾಚಿಕೆಯಾಯಿತು.

ನಿನ್ನ ಮೊದಲ ಕಾಗದ ಬಂದ ದಿನವೇ ಬಟ್ಟೆ ತಂದೆ. ನಾಲ್ಕು ಅಂತ ನೀನು ತಪ್ಪಿ ಬರೆದಿರಬೇಕು ಅಂದುಕೊಂಡು ಐದಕ್ಕಾಗುವಷ್ಟು ತಂದೆ.

ಆ ಕೈಚೀಲದ ವಿಷಯ. ರೆಕ್ಸಿನ್ನನ್ನು ರೆಕ್ಸಿನ್ ಅಂದದ್ದು ತಪ್ಪೇ ಇರಬಹುದು. ನೀನು ಆವತ್ತೇ ನನ್ನ ಕಿವಿಯಲ್ಲಿ "ಅಮ್ಮಾ, ಸಾಕು" ಅಂದಿದ್ದರೆ ಸುಮ್ಮನಾಗುತ್ತಿದ್ದೆ. ನನಗೆ ಹೇಳಿದರೆ ಅರ್ಥವಾಗುತ್ತದೆ.

ಏಪ್ರಿಲ್ ಕೊನೆಯ ತನಕ ಸೀಟು ಇದೆ ಎಂದು ಹೆಡ್ ಮೇಡಂ ಬರೆದಿದ್ದರು. ಬೇಡ ಎಂದು ನಾನು ಬರೆದಾಯಿತು. ಇನ್ನು ಬೇಕು ಎಂದು ನಾನಾಗಿ ಕೇಳುವುದಿಲ್ಲ. ಕೇಳಬೇಕಾದವಳು ನಾನಲ್ಲ.

ಏನೂ ತರಬೇಡ.

ಅಮ್ಮ

*

ಮೇ 8

ಅಮ್ಮಾ,

ನಿನ್ನ ಕಾಗದ ನನಗೆ ಸಿಕ್ಕಿದ್ದು ಏಪ್ರಿಲ್ 26ಕ್ಕೆ. ಸುಳ್ಳು ಹೇಳುವುದಿಲ್ಲ, ಇನ್ನೂ ತಡವಾಗಿ ಬಂತು ಎಂದು ಬರೆದರೆ ನೀನು ನಂಬುತ್ತಿದ್ದೆ.

ಆವತ್ತೇ ಅತ್ತೆಗೆ ಹೇಳಿದ್ದರೆ ಮಾರನೆಯ ದಿನ ನೀನು ಲಸಿಕೆ ಹಾಕಿಸಿಕೊಳ್ಳಬಹುದಿತ್ತು. ಮೇ ಏಳಕ್ಕೆ ಹತ್ತು ದಿನ ತುಂಬುತ್ತಿತ್ತು. ಸೀಟೂ ಇತ್ತು. ನಾನು ಎಲ್ಲ ಲೆಕ್ಕ ಹಾಕಿದೆ, ಬಾಯಿ ಮಾತ್ರ ಬಿಡಲಿಲ್ಲ. ಕಾಗದವನ್ನು ಲ್ಯಾಬಿನ ಕೋಟಿನಲ್ಲಿ ಇಟ್ಟುಕೊಂಡು ಓಡಾಡಿದೆ. ಒಂದು ದಿನ ಮಾವನಿಗೆ ನೆಗಡಿ, ಬೇಡ ಅಂದುಕೊಂಡೆ. ಇನ್ನೊಂದು ದಿನ ಯಾರೋ ಬಂದಿದ್ದರು. ಆಮೇಲಿನ ನಾಲ್ಕು ದಿನಕ್ಕೆ ನೆಪವೂ ಇರಲಿಲ್ಲ. ಅತ್ತೆಯ ಮುಖ ನೋಡುತ್ತಿದ್ದೆ, ಅವರ ಕಣ್ಣಲ್ಲಿ ಸಣ್ಣವಳಾಗುತ್ತೇನಲ್ಲ ಅನ್ನಿಸುತ್ತಿತ್ತು, ಸುಮ್ಮನಾಗುತ್ತಿದ್ದೆ. ಮೊದಲ ಸಲ ನಿನ್ನನ್ನು ಕಂಡು ನಾಚಿ ಮಾಡಿದೆ. ಈ ಸಲ ನನ್ನ ಮಾನ ಉಳಿಸಿಕೊಳ್ಳಲು ಮಾಡಿದೆ. ಎರಡು ಸಲವೂ ನಿನ್ನನ್ನು ಬಿಟ್ಟವಳು ನಾನೇ.

ಮೇ ಎರಡರ ಸಂಜೆ, ಹಾಲಿನಲ್ಲಿ ನಾಲ್ಕು ಬ್ಯಾಗೂ ಬಾಯಿ ತೆರೆದುಕೊಂಡು ಕೂತಿದ್ದವು. ಅತ್ತೆ ಸಾಕ್ಸು ಸುತ್ತಿ ಶೂಗಳೊಳಗೆ ತುಂಬುತ್ತಾ, "ನಿಮ್ಮಮ್ಮ ಇದ್ದಿದ್ರೆ ಈ ಜೇಬಿನ ಹೊಲಿಗೆ ಬಗ್ಗೆ ಒಂದು ಭಾಷಣ ಮಾಡ್ತಿದ್ರು" ಅಂದು ನಕ್ಕರು. ಆಗ ಹೇಳಿದೆ. ನಿಂತುಕೊಂಡೇ ಎಲ್ಲ ಹೇಳಿದೆ, ಏಳು ಸಹಿಯ ಸಮೇತ. ನಿನ್ನ ಕಾಗದವನ್ನೂ ಕೊಟ್ಟೆ.

ಅತ್ತೆ ಓದಿ ಮುಗಿಸಿ, "ಅವರ ಹತ್ರ ಪಾಸ್‌ಪೋರ್ಟ್ ಇದ್ಯಾ?" ಅಂತ ಕೇಳಿದರು. ಇದೆ ಅಂದೆ. "ಇದ್ಯಾ?" ಅಂತ ಇನ್ನೊಮ್ಮೆ ಕೇಳಿದರು. ಎದ್ದು ಹೋಗಿ ಪ್ರವಾಸದವರಿಗೆ ಫೋನು ಮಾಡಿದರು. ಸೀಟು ಎರಡು ದಿನದ ಹಿಂದೆ ಬೇರೆಯವರಿಗೆ ಹೋಗಿತ್ತು. ಜಗಳ ಆಡಿ ಅದನ್ನೂ ಹೊಂದಿಸುತ್ತಿದ್ದರೋ ಏನೋ, ಆದರೆ ಲಸಿಕೆ ಅಂದ ಕೂಡಲೇ ಫೋನು ಇಟ್ಟುಬಿಟ್ಟರು. ಏಳು ದಿನದಲ್ಲಿ ಹತ್ತು ದಿನ ಹೇಗೆ ತರುವುದು.

ನನಗೆ ಒಂದು ಮಾತೂ ಬಯ್ಯಲಿಲ್ಲ. "ನಾನು ಅವರನ್ನ ಕರೆದಿದ್ದು ಬಾಯಿ ಉಪಚಾರಕ್ಕೆ ಅಂದ್ಕೊಂಡಿದ್ಯಾ?" ಅಂತ ಮಾತ್ರ ಕೇಳಿದರು. ನಾನು ಬರುವುದಿಲ್ಲ, ಮನೆಯಲ್ಲೇ ಇರುತ್ತೇನೆ ಅಂದೆ. "ನೀನು ಉಳಿದುಬಿಟ್ರೆ ಅವರು ಹೋದ ಹಾಗಾಗುತ್ತಾ?" ಅಂದರು. ಆಮೇಲೆ ಸಾಕ್ಸು ಸುತ್ತುವುದನ್ನು ಮುಂದುವರಿಸಿದರು. ಇವರು ಆವತ್ತಿನಿಂದ ನನ್ನ ಜೊತೆ ಬೇಕಾದಷ್ಟೇ ಮಾತಾಡುತ್ತಿದ್ದಾರೆ. ನಿನಗೆ ಬರೆಯಲು ಅತ್ತೆ ಎರಡು ಸಲ ಕೂತು ಎದ್ದರು. "ಯಾವ ಮುಖ ಇಟ್ಕೊಂಡು ಬರೀಲಿ?" ಅನ್ನುತ್ತಾರೆ. ತಪ್ಪು ಮಾಡಿದವಳು ನಾನು, ತಲೆ ತಗ್ಗಿಸುತ್ತಿರುವವರು ಅವರು.

ಕ್ಷಮಿಸು ಎಂದು ಕೇಳುವುದಿಲ್ಲ. ಕೇಳಿದರೆ ನೀನು ತಕ್ಷಣ ಕ್ಷಮಿಸಿಬಿಡುತ್ತೀಯ, ನಾನು ಮತ್ತೆ ಚೆನ್ನಾಗಿ ನಿದ್ದೆ ಮಾಡುತ್ತೇನೆ.

ನಾಳೆ ಬೆಳಿಗ್ಗೆ ಆರಕ್ಕೆ ಗಾಡಿ ಬರುತ್ತದೆ. ಬ್ಯಾಗುಗಳನ್ನು ಬಾಗಿಲ ಹತ್ತಿರ ಇಟ್ಟಾಗಿದೆ. ನಾಲ್ವರ ಪಾಸ್‌ಪೋರ್ಟುಗಳನ್ನೂ ಈಗಷ್ಟೇ ಒಂದೊಂದಾಗಿ ಬಿಚ್ಚಿ ನೋಡಿ ಜೋಡಿಸಿಟ್ಟೆ. ನಿನ್ನದರಲ್ಲಿ ನಿನ್ನ ಫೋಟೊ ಹೇಗೆ ಬಂದಿದೆ ಎಂದು ನಾನು ಇವತ್ತಿನವರೆಗೂ ಕೇಳಿಲ್ಲ.

ನಿನ್ನ ಮಗಳು